ದ್ಯಾವಣ್ಣ ಹೊಲಿದ ಕುಲಾವಿ

ತುಂಬಾ ತುಂಬಾ ಹಿಂದೆ, ಹುಲಿಗಳಿಗೆ ಇನ್ನೂ ಮಾತು ಬರ್ತಿದ್ದ ಕಾಲದಲ್ಲಿ, ಹೊಂಗೆದುರ್ಗ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೆ ಸಿಂಗರಾಯ ಅಂತ ಒಬ್ಬ ರಾಜ. ರಾಜನಿಗೆ ಒಂದು ಅರಮನೆ, ಅರಮನೆಗೆ ಒಂದು ನಗಾರಿ, ನಗಾರಿ ಬಾರಿಸೋಕೆ ದ್ಯಾವಣ್ಣ ಅಂತ ಒಬ್ಬ ಹುಡುಗ.

ಸೂರ್ಯ ಹುಟ್ಟುವಾಗ ಒಂದ್ಸಲ ಬಾರಿಸಬೇಕು, ಮುಳುಗುವಾಗ ಒಂದ್ಸಲ. ನಡುವೆ ಇಡೀ ದಿನ ಬಿಡುವು. ಆ ಬಿಡುವಿನಲ್ಲಿ ದ್ಯಾವಣ್ಣ ಅಕ್ಕನ ಮನೆ ಜಗಲಿ ಮೇಲೆ ಕೂತ್ಕೊಂಡು ತನ್ನ ಬಟ್ಟೆ ತಾನೇ ಹೊಲ್ಕೋತಿದ್ದ. ಹೊಲಿ ಅಂತ ಯಾರೂ ಹೇಳಿರ್ಲಿಲ್ಲ. ಬೇಡ ಅಂತ ಕೆಲವರು ಹೇಳಿದ್ರು.

ಅವನು ಹೊಲಿಯೋ ರೀತಿ ಹೀಗೆ. ಹಳೇ ಅಂಗೀನ ಹೊಸ ಬಟ್ಟೆ ಮೇಲೆ ಹರಡೋದು, ಸುತ್ತ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸೋದು. ಒಳಗೆ ಬಟ್ಟೆ ಇದ್ರೆ ಮುಂದೆ ಬಿಚ್ಚಿ ದೊಡ್ಡದು ಮಾಡ್ಕೋಬಹುದು ಅಂತ ಅವನ ಅಜ್ಜಿ ಹೇಳಿಕೊಟ್ಟಿದ್ಲು. ಆ ಗೇಣನ್ನ ಒಳಗೆ ಮಡಚಬೇಕು ಅನ್ನೋದನ್ನೂ ಅಜ್ಜಿ ಹೇಳಿದ್ಲು, ಆದ್ರೆ ಅಷ್ಟು ಹೊತ್ತಿಗೆ ದ್ಯಾವಣ್ಣ ನಗಾರಿ ಬಾರಿಸೋಕೆ ಓಡಿಹೋಗಿದ್ದ. ಹಾಗಾಗಿ ಹೊಸ ಅಂಗಿ ಹಳೇದಕ್ಕಿಂತ ಒಂದು ಗೇಣು ದೊಡ್ಡದಾಗ್ತಿತ್ತು. ಅದನ್ನ ಅಳತೆಗಿಟ್ಟು ಹೊಲಿದ ಮುಂದಿನ ಅಂಗಿ ಇನ್ನೊಂದು ಗೇಣು ದೊಡ್ಡದು. ಗಾಳಿ ಬಂದ ದಿನ ದ್ಯಾವಣ್ಣ ಮನೆಯಿಂದ ಆಚೆ ಹೋಗ್ತಿರ್ಲಿಲ್ಲ.

ದಾರ ಅಂತ ಬೇರೆ ತರ್ತಿರ್ಲಿಲ್ಲ. ಅರಮನೆ ಉಗ್ರಾಣಕ್ಕೆ ಬರೋ ರಾಗಿ ಚೀಲಗಳ ಬಾಯಿ ಬಿಚ್ಚಿ, ಆ ದಾರಾನೇ ಉಂಡೆ ಸುತ್ತಿ ಇಟ್ಕೋತಿದ್ದ. ಚೀಲದ ಹೊಲಿಗೆ ಗೊತ್ತಲ್ಲ? ಸರಿಯಾದ ತುದಿ ಸಿಕ್ರೆ ಸರ್ರ್ ಅಂತ ಒಂದೇ ಎಳೆತಕ್ಕೆ ಪೂರ್ತಿ ಬಂದ್ಬಿಡುತ್ತೆ. ತಪ್ಪು ತುದಿ ಹಿಡಿದ್ರೆ ಗಂಟಾಗಿ ಕೂತ್ಬಿಡುತ್ತೆ. ದ್ಯಾವಣ್ಣ ಯಾವಾಗ್ಲೂ ಮೊದಲು ತಪ್ಪು ತುದೀನೇ ಹಿಡೀತಿದ್ದ.

ಹೀಗಿರುವಾಗ ಆ ರಾಜ್ಯಕ್ಕೆ ನುಲಿಕೇಶ ಅಂತ ಒಬ್ಬ ಮಾಯಾವಿ ಬಂದ. ಮೈಮೇಲೆ ಕರೀ ನಿಲುವಂಗಿ, ಕುತ್ತಿಗೇಲಿ ಕೆಂಪು ಅಳತೆ ಪಟ್ಟಿ. "ದುಡ್ಡು ಬೇಡ, ಕಾಸು ಬೇಡ, ಅಳತೆ ಒಂದು ಕೊಡಿ ಸಾಕು. ಮೈಗೆ ಅಂಟಿದ ಹಾಗೆ ಬಟ್ಟೆ ಹೊಲಿದು ಕೊಡ್ತೀನಿ" ಅಂತ ಊರೂರು ಸಾರಿದ. ಪುಕ್ಕಟೆ ಅಂದ್ಮೇಲೆ ಯಾರು ಬಿಡ್ತಾರೆ? ಜನ ಸಾಲುಗಟ್ಟಿ ನಿಂತ್ರು. ಒಬ್ಬೊಬ್ಬರ ಅಳತೆ ತಗೊಂಡಾಗ್ಲೂ ಅವನು ತನ್ನ ನಿಲುವಂಗಿಗೆ ಒಂದು ಹೊಲಿಗೆ ಹಾಕ್ಕೋತಿದ್ದ. ಹೊಲಿದು ಕೊಟ್ಟ ಬಟ್ಟೆಯಂತೂ ಒಂದು ಸುಕ್ಕಿಲ್ಲ, ಒಂದು ಜೋಲಿಲ್ಲ. ಎಲ್ಲರ ಅಳತೆ ತಗೊಂಡು ಮಾಯಾವಿ ಸೂಜಿಬೆಟ್ಟಕ್ಕೆ ಹೋಗಿ ಕೂತ.

ಅಳತೆ ಕೊಡದೆ ಉಳಿದವನು ದ್ಯಾವಣ್ಣ ಒಬ್ಬನೇ. "ನನ್ನ ಅಂಗಿ ನಾನೇ ಹೊಲ್ಕೋತೀನಿ" ಅಂದ. ಜನ ಅವನನ್ನ ನೋಡಿ ಅಯ್ಯೋ ಪಾಪ ಅಂದ್ರು.

ಅವನ ಅಕ್ಕ ಹೊನ್ನಾಜಿ ತುಂಬಿದ ಬಸುರಿ. ಸೀಮಂತಕ್ಕೆ ಅಂತ ನುಲಿಕೇಶನ ಹತ್ರ ಕುಪ್ಪಸ ಹೊಲಿಸಿದ್ಲು. ಹಸಿರು ಬಳೆ ತೊಡಿಸಿದ್ರು, ಹೋಳಿಗೆ ಊಟ ಆಯ್ತು. ಹುಟ್ಟೋ ಮಗುವಿಗೆ ದ್ಯಾವಣ್ಣ ಒಂದು ಕುಲಾವಿ ಹೊಲಿಯೋಕೆ ಕೂತ. ಕುಲಾವಿ ಅಂದ್ರೆ ಎಳೆ ಮಗುವಿನ ಟೊಪ್ಪಿಗೆ, ಒಂದು ತೆಂಗಿನಕಾಯಿ ಕೂರೋವಷ್ಟು ಜಾಗ ಇದ್ರೆ ಸಾಕು. ಅವನು ಹೊಲಿದದ್ದರಲ್ಲಿ ಕುಂಬಳಕಾಯಿ ಕೂರ್ತಿತ್ತು. ಇನ್ನೊಂದು ಹೊಲಿತೀನಿ ಅಂತ ಅದನ್ನೇ ಅಳತೆಗಿಟ್ಟು ಕತ್ತರಿಸಿದ.

ಆದ್ರೆ ಮಗು ಹುಟ್ಟಲಿಲ್ಲ.

ಮಾವಿನ ಕಾಲ ಬಂತು, ಹೋಯ್ತು. ಮತ್ತೆ ಬಂತು, ಹೋಯ್ತು. ಹೊನ್ನಾಜಿ ತುಂಬಿದ ಬಸುರಿಯಾಗೇ ಇದ್ಲು. ಅವಳ ಗಂಡ ಮುದ್ದರಂಗ ಬಯಕೆ ತೀರಿಸಿ ತೀರಿಸಿ ಸುಸ್ತಾಗಿದ್ದ. ಮಾವಿಲ್ಲದ ಕಾಲದಲ್ಲಿ ಮಾವಿನಕಾಯಿ, ಹುಣಸೆ ಇಲ್ಲದ ಕಾಲದಲ್ಲಿ ಹುಣಸೆ. ದ್ಯಾವಣ್ಣ ಮಾತ್ರ ಒಂದಾದ ಮೇಲೊಂದು ಕುಲಾವಿ ಹೊಲಿತಾನೇ ಇದ್ದ.

ಒಂದು ಮಧ್ಯಾಹ್ನ ಹೊನ್ನಾಜಿ ಉಪ್ಪಿನಕಾಯಿ ಜಾಡಿ ತೊಡೆ ಮೇಲಿಟ್ಕೊಂಡು ತಮ್ಮನ ಮುಖಾನೇ ದಿಟ್ಟಿಸಿದ್ಲು.

"ದ್ಯಾವ, ಮೂಗಿನ ಕೆಳಗೆ ಏನೋ ಅದು? ಮಸಿ ಮೆತ್ಕೊಂಡಿದ್ಯಾ?"

"ಮೀಸೆ ಕಣಕ್ಕ."

"ಮೀಸೆನಾ! ಯಾವಾಗ ಬಂತು?"

"ಹೋದ ವರ್ಷಾನೇ ಬಂತು. ಯಾರೂ ಕೇಳ್ಲಿಲ್ಲ."

ಹೊನ್ನಾಜಿ ಜಾಡಿ ಕೆಳಗಿಟ್ಲು. "ನನ್ನ ಸೀಮಂತದ ದಿನ ನಿನಗೆ ಮೀಸೆ ಇರ್ಲಿಲ್ಲ. ಈಗ ಇದೆ. ನಿಮ್ಮ ಭಾವ ನುಲಿಕೇಶ ಬಂದ ದಿನ ಅರ್ಧ ಗಡ್ಡ ಬೋಳಿಸಿಕೊಂಡು ಅಳತೆ ಕೊಡೋಕೆ ಓಡಿದ್ರು. ನೋಡು ಅವರನ್ನ."

ಮುದ್ದರಂಗ ತನ್ನ ಅರ್ಧ ಗಡ್ಡ ಸವರಿಕೊಂಡ. "ಕತ್ತಿ ಆಡಿಸಿದ್ರೂ ಹೋಗಲ್ಲ. ಬಿಟ್ರೂ ಬೆಳೆಯಲ್ಲ. ನೀರು ಸರಿಯಿಲ್ಲ ಅನ್ಕೊಂಡಿದ್ದೆ."

ಆಮೇಲೆ ಮೂವರೂ ಯೋಚಿಸಿದ್ರು. ಪಕ್ಕದ ಮನೆ ಮಗುವಿನ ಹಲ್ಲು ಅವತ್ತಿನಿಂದ ಅಲ್ಲಾಡ್ತಾನೇ ಇದೆ, ಬಿದ್ದಿಲ್ಲ. ಅರಮನೆ ಪುರೋಹಿತರಿಗೆ ಅಳತೆ ಕೊಡೋವಾಗ ನೆಗಡಿ ಇತ್ತು, ಈಗ್ಲೂ ಮಂತ್ರದ ನಡುವೆ ಸೀನ್ತಾರೆ. ಸಿಂಗರಾಯ ಮಹಾರಾಜರು ಪಟ್ಟಿ ಸೊಂಟಕ್ಕೆ ಬಂದಾಗ ಹೊಟ್ಟೆ ಒಳಕ್ಕೆ ಎಳ್ಕೊಂಡಿದ್ರು. ಇವತ್ತಿನವರೆಗೂ ಹೊಟ್ಟೆ ಹೊರಗೆ ಬಿಟ್ಟಿಲ್ಲ, ಉಸಿರು ಸಾಲದೆ ಎಲ್ಲಾ ಅಪ್ಪಣೇನೂ ಅರ್ಧಕ್ಕೇ ನಿಲ್ಲಿಸ್ತಾರೆ. "ಅವನನ್ನ ಹಿಡಿದು" ಅಂತಾರೆ, ಬಹುಮಾನ ಕೊಡಬೇಕೋ ಸೆರೆಗೆ ಹಾಕಬೇಕೋ ಯಾರಿಗೂ ಗೊತ್ತಾಗಲ್ಲ.

"ಅಳತೆ ಕೊಟ್ಟೋರೆಲ್ಲ ಅಲ್ಲೇ ನಿಂತುಬಿಟ್ಟಿದ್ದಾರೆ" ಅಂದ್ಲು ಹೊನ್ನಾಜಿ. ಹೊಟ್ಟೆ ಮೇಲೆ ಕೈ ಇಟ್ಕೊಂಡ್ಲು. "ಇದು ದಿನಾ ಒದೆಯುತ್ತೆ ಕಣೋ, ಅದೇ ಜಾಗಕ್ಕೆ. ಬಾಗಿಲು ತೆಗೀರಿ ಅನ್ನೋ ಹಾಗೆ. ನನಗೆ ಮಾವಿನಕಾಯಿ ಸಾಕಾಗಿದೆ ದ್ಯಾವ. ನಾನು ಇದರ ಮುಖ ನೋಡಬೇಕು."

ದ್ಯಾವಣ್ಣ ಕುಲಾವಿ ಹಿಡ್ಕೊಂಡು ಎದ್ದು ನಿಂತ. "ನಾನು ಹೋಗ್ತೀನಿ. ಅಳತೆ ಕೊಡದೆ ಇರೋನು ನಾನೊಬ್ಬನೇ ತಾನೇ?"

"ಹೋಗು. ಆ ಕುಲಾವಿ ಒಂದು ಇಲ್ಲೇ ಬಿಟ್ಟು ಹೋಗು."

"ಇಲ್ಲಕ್ಕ, ದಾರೀಲಿ ಮುಗಿಸ್ತೀನಿ."

ಸೂಜಿ, ಕತ್ತರಿ, ಚೀಲದ ದಾರದ ಉಂಡೆ, ರೊಟ್ಟಿ, ಚಟ್ನಿಪುಡಿ ಎಲ್ಲಾನೂ ಕುಲಾವಿಯೊಳಗೇ ತುಂಬ್ಕೊಂಡು ಹೆಗಲಿಗೆ ಹಾಕಿದ. ಅಷ್ಟು ದೊಡ್ಡದಾಗಿತ್ತು ಅದು ಆ ಹೊತ್ತಿಗೆ.

ನಡೆದ, ನಡೆದ, ಸೂಜಿಬೆಟ್ಟದ ಬುಡಕ್ಕೆ ಬಂದ. ಅಲ್ಲಿ ಬಂಡೆಗೆ ಬೆನ್ನು ಕೊಟ್ಟು ಒಂದು ಹುಲಿ ಕೂತಿತ್ತು.

"ಯಾರೋ ಅದು? ಮುಂದೆ ಬಂದ್ರೆ ತಿಂದ್ಬಿಡ್ತೀನಿ" ಅಂತು.

"ನಾನು ಬರಲ್ಲ, ನೀನೇ ಎದ್ದು ಬಾ" ಅಂದ ದ್ಯಾವಣ್ಣ. ಭಯದಲ್ಲಿ ಬಾಯಿಗೆ ಬಂದಿದ್ದು ಅದು.

"ಏಳಲ್ಲ."

"ಯಾಕೆ?"

ಹುಲಿ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿತು. "ಹಿಂದುಗಡೆ ಹರಿದಿದೆ. ನುಲಿಕೇಶ ಹೊಸ ಪಟ್ಟೆ ಚರ್ಮ ಹೊಲಿದು ಕೊಟ್ಟ. ಮೈಗೆ ಅಂಟಿದ ಹಾಗಿತ್ತು. ಒಂದು ಹಂದಿ ತಿಂದು ಕೂತೆ ನೋಡು, ಪರ್ ಅಂತು. ಅವತ್ತಿಂದ ಎದ್ದಿಲ್ಲ. ನರಿಗಳು ನಗ್ತವೆ."

"ಅಯ್ಯೋ, ಒಂದು ತೇಪೆ ಹಾಕಿದ್ರಾಯ್ತು! ತಿರುಗು."

"ತಿರುಗ್ತೀನಿ. ಆದ್ರೆ ಕತ್ತರಿ ಸದ್ದು ಕೇಳಿಸಬಾರದು. ನನ್ನ ಹಿಂದೆ ಕತ್ತರಿ ಸದ್ದು ಬಂದ್ರೆ ನನಗೆ ಜೀವ ನಿಲ್ಲಲ್ಲ."

ದ್ಯಾವಣ್ಣ ತನ್ನ ಅಂಗಿಯ ಚೌಕುಳಿ ಬಟ್ಟೇಲಿ ಒಂದು ತುಂಡನ್ನ ಹಲ್ಲಿನಿಂದಲೇ ಹರಿದ. ನಾಲಿಗೆ ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ, ಮನಸ್ಸಿಟ್ಟು ಹೊಲಿದ. ಇಷ್ಟು ಗಟ್ಟಿ ಹೊಲಿಗೆ ಅವನು ಈ ಜನ್ಮದಲ್ಲಿ ಹಾಕಿರ್ಲಿಲ್ಲ. "ಆಯ್ತು" ಅಂತ ಎದ್ದ. ಹುಲೀನೂ ಜೊತೆಗೇ ಎದ್ದಿತು. ಯಾಕಂದ್ರೆ ತೇಪೆ ಜೊತೆ ಅವನ ಅಂಗಿಯ ಅಂಚೂ ಹುಲಿಗೆ ಸೇರಿಹೋಗಿತ್ತು.

"ಇದೇನಿದು?" ಅಂತು ಹುಲಿ.

"ತೊಡೆ ಮೇಲಿಟ್ಟು ಹೊಲಿದ್ರೆ ಒಂದೊಂದ್ಸಲ ಹೀಗಾಗುತ್ತೆ. ಮನೇಲಿ ಚಾಪೆ ಜೊತೆ ಆಗ್ತಿರುತ್ತೆ. ತಡಿ, ಕತ್ತರಿ..."

"ಕತ್ತರಿ ಅಂದ್ಯಾ?"

"ಇಲ್ಲ, ಅನ್ನಲಿಲ್ಲ."

ಅಂಗಿ ಬಿಚ್ಚೋಣ ಅಂದ್ರೆ ಅದರ ಗುಂಡಿಗಳನ್ನ ಎರಡೂ ಕಡೆಗೆ ಸೇರಿಸಿ ಹೊಲಿದಿದ್ದ. ಆ ಅಂಗಿ ಹಾಕೋಕೂ ತೆಗೆಯೋಕೂ ಅಕ್ಕ ಬೇಕು. ಬೇರೆ ದಾರಿ ಇಲ್ಲದೆ ಇಬ್ಬರೂ ಒಟ್ಟಿಗೇ ಬೆಟ್ಟ ಹತ್ತಿದ್ರು. ಹುಲಿ ಮುಂದೆ, ದ್ಯಾವಣ್ಣ ಹಿಂದೆ.

ಸ್ವಲ್ಪ ದೂರ ಹೋದ್ಮೇಲೆ ಒಂದು ಕಂದಕ ಸಿಕ್ತು. ಕಂದಕದ ತುಂಬ ನೀರು, ನೀರಿನ ತುಂಬ ಒಂದೇ ಮೊಸಳೆ. ಅಷ್ಟು ಉದ್ದ ಇತ್ತು.

"ಇಬ್ಬರಲ್ಲಿ ಯಾರನ್ನ ಮೊದಲು ತಿನ್ನಲಿ? ನೀವೇ ಮಾತಾಡ್ಕೊಂಡು ಹೇಳಿ" ಅಂತು ಮೊಸಳೆ.

"ಸೇರಿಸಿ ಹೊಲಿದಿದೆ, ಒಟ್ಟಿಗೇ ತಿನ್ನಬೇಕಾಗುತ್ತೆ" ಅಂದ ದ್ಯಾವಣ್ಣ.

"ಹೊಲಿದಿದ್ಯಾ?" ಮೊಸಳೆ ಕಣ್ಣು ಮೇಲೆ ಬಂತು. "ಹೊಲಿಯೋನಾ ನೀನು? ಹಾಗಾದ್ರೆ ನನಗೊಂದು ಜೇಬು ಹೊಲಿದುಕೊಡು. ಮಂಗಕ್ಕೆ ತಿಂಡಿ ಇಟ್ಕೊಳ್ಳೋಕೆ ಕೆನ್ನೆ ಇದೆ. ನನಗೆ ಹಲ್ಲುಕಡ್ಡಿ ಇಟ್ಕೊಳ್ಳೋಕೂ ಒಂದು ಜಾಗ ಇಲ್ಲ. ನುಲಿಕೇಶನ್ನ ಕೇಳಿದ್ರೆ, ಜೇಬಿಟ್ರೆ ಮೈ ಅಳತೆ ಕೆಡುತ್ತೆ ಅಂತಾನೆ."

ದ್ಯಾವಣ್ಣ ಮೊಸಳೆ ಬೆನ್ನ ಮೇಲೆ ಕೂತು ಜೇಬು ಹೊಲಿದ. ಅಂಗಿ ಅಷ್ಟು ಉದ್ದ ಇದ್ದದ್ದರಿಂದ ಹುಲಿ ದಡದಲ್ಲೇ ನಿಂತು ಅತ್ತ ಕಡೆ ನೋಡ್ತಿತ್ತು. ಈ ಸಲ ತನ್ನ ಬಟ್ಟೆ ಸೇರದ ಹಾಗೆ ಎಷ್ಟು ಎಚ್ಚರವಾಗಿದ್ದ ಅಂದ್ರೆ, ಜೇಬಿನ ಬಾಯಿ ಯಾವ ಕಡೆ ಇದೆ ಅಂತ ನೋಡೋದೇ ಮರೆತ. ಕೊನೇ ಗಂಟು ಹಾಕಿ ನೋಡ್ತಾನೆ, ಬಾಯಿ ಬಾಲದ ಕಡೆಗಿದೆ!

ಮೊಸಳೆ ಜೇಬಿಗೆ ಕಡ್ಡಿ ಇಟ್ಕೊಂಡು ಒಂದು ಸುತ್ತು ಈಜಿ ಬಂತು. "ಎಂಥಾ ತಲೆಯಪ್ಪಾ ನಿಂದು! ಮುಂದಕ್ಕೆ ಈಜೋರಿಗೆ ಜೇಬು ಹಿಂದಕ್ಕೇ ತೆರೆದಿರಬೇಕು. ಒಂದು ತೊಟ್ಟು ನೀರು ತುಂಬ್ಲಿಲ್ಲ ನೋಡು."

"ಅದಕ್ಕೇ ಹಾಗೆ ಹೊಲಿದೆ" ಅಂದ ದ್ಯಾವಣ್ಣ. ಹುಲಿ ಕೆಮ್ಮಿತು.

ಮೊಸಳೆ ಕಂದಕಕ್ಕೆ ಅಡ್ಡಲಾಗಿ ಮಲಗಿತು. ಅವರು ಅದರ ಬೆನ್ನ ಮೇಲೆ ನಡ್ಕೊಂಡು ಆಚೆ ದಡ ಸೇರಿದ್ರು.

ಬೆಟ್ಟದ ತುದೀಲಿ ಮಾಯಾವಿಯ ಮಂಟಪ. ನುಲಿಕೇಶ ಎರಡೂ ಕೈ ಚಾಚಿ ಬೆದರುಬೊಂಬೆ ಥರ ನಿಂತಿದ್ದ. ಸಾವಿರಾರು ಹೊಲಿಗೆ ಬಿದ್ದು ಬಿದ್ದು ನಿಲುವಂಗಿ ಜಗ್ಗಿಕೊಂಡಿತ್ತು, ಕೈ ಮಡಚೋಕೆ ಆಗ್ತಿರ್ಲಿಲ್ಲ. ಬೆರಳ ತುದೀಲಿ ಕೆಂಪು ಪಟ್ಟಿ ನೇತಾಡ್ತಿತ್ತು.

"ಬಾ ದ್ಯಾವಣ್ಣ. ನಿನ್ನೊಬ್ಬನ ಅಳತೆ ಬಾಕಿ" ಅಂದ.

"ನಮ್ಮಕ್ಕನ ಅಳತೆ ವಾಪಸ್ ಕೊಡು. ಅವಳ ಮಗು ಹುಟ್ಟಬೇಕು."

"ಕೊಡೋಕೆ ಹುಚ್ಚಾ? ನಿಮ್ಮ ಜನ ಬೆಳೆಯದೆ ಉಳಿಸಿದ್ದೆಲ್ಲ ನನ್ನ ಆಯುಸ್ಸಿಗೆ ಸೇರುತ್ತೆ. ಒಂದೊಂದು ಹೊಲಿಗೇಲೂ ಒಬ್ಬೊಬ್ಬರಿದ್ದಾರೆ."

"ಇಷ್ಟು ಬಿಗಿ ಇದೆಯಲ್ಲ, ಊಟ ಹೇಗೆ ಮಾಡ್ತೀಯ?"

ಮಾಯಾವಿ ಪಕ್ಕದಲ್ಲಿದ್ದ ಪಾಯಸದ ತಟ್ಟೆ ಕಡೆ ನೋಡಿದ. ಅವನಿಗೆ ಅದೇ ಚಿಂತೆ. ಬಾಯಿಗೆ ಕೈ ಎಟುಕದೆ ಎಷ್ಟೋ ಕಾಲದಿಂದ ಪಾಯಸಾನ ತಟ್ಟೆಯಲ್ಲಿಟ್ಟು ಬಗ್ಗಿ ನೆಕ್ಕಿ ತಿಂತಿದ್ದ. ಲೋಕದವರ ಅಳತೆ ತಗೊಂಡಿದ್ರೂ ತನ್ನ ಬೆನ್ನಿನ ಅಳತೆ ತಾನು ತಗೊಳ್ಳೋಕೆ ಆಗದೆ ಅಂಗಿ ಸಡಿಲ ಮಾಡೋದು ಹೇಗೆ ಅಂತ ಗೊತ್ತಾಗಿರ್ಲಿಲ್ಲ.

"ಸರಿ, ಒಂದು ಪಂದ್ಯ" ಅಂದ. "ಈ ಹೊಲಿಗೆಗಳಲ್ಲಿ ನಿನ್ನ ಅಕ್ಕನದನ್ನ ಹುಡುಕಿ ಬಿಚ್ಚು. ನನ್ನ ಕಂಕುಳೂ ಸಡಿಲ ಆಗ್ಲಿ, ನಿನ್ನ ಅಕ್ಕನೂ ಹೆರಲಿ. ಆದ್ರೆ ದಾರ ಕಡಿದ್ರೆ ಅವಳು ಎಂದೆಂದಿಗೂ ಹಾಗೇ ಇರ್ತಾಳೆ. ನಿನ್ನ ಅಳತೇನೂ ನಂದು."

ದ್ಯಾವಣ್ಣ ನಿಲುವಂಗಿ ಹತ್ರ ಬಗ್ಗಿದ. ಹೊರಗಿಂದ ನೋಡಿದ್ರೆ ಸಾಸಿವೆ ಚೆಲ್ಲಿದ ಹಾಗೆ ಹೊಲಿಗೆ, ಎಲ್ಲಾ ಒಂದೇ ಥರ. ಅಕ್ಕ ಯಾವುದು, ಅಕ್ಕಪಕ್ಕದವರು ಯಾವುದು? ಆದ್ರೆ ಅವನು ಹೊಲಿಯೋದ್ರಲ್ಲಿ ಹೇಗೇ ಇರಲಿ, ಬಿಚ್ಚೋದ್ರಲ್ಲಿ ಅವನಷ್ಟು ಪಳಗಿದ ಕೈ ಆ ರಾಜ್ಯದಲ್ಲಿ ಇರ್ಲಿಲ್ಲ. ಹೊಲಿದದ್ದೆಲ್ಲ ಬಿಚ್ಚಲೇಬೇಕಾಗ್ತಿತ್ತಲ್ಲ. ಅಭ್ಯಾಸದಂತೆ ನಿಲುವಂಗಿಯ ಅಂಚು ಮಡಚಿ ಒಳಗಡೆ ನೋಡಿದ.

"ಅರೆ! ಇದು ರಾಗಿ ಚೀಲದ ಹೊಲಿಗೆ!"

"ಏಯ್!" ಮಾಯಾವಿಗೆ ಅವಮಾನವಾಯ್ತು. "ಮಾಯಾ ಹೊಲಿಗೆ ಅನ್ನು!"

"ಏನಾದ್ರೂ ಅನ್ನು, ಎಲ್ಲಾ ಒಂದೇ ದಾರ." ಹೇಳ್ತಾ ಹೇಳ್ತಾ ಅಂಚಿನಲ್ಲಿದ್ದ ತುದಿ ಹಿಡಿದು ಎಳೆದ. ಗಂಟಾಗಿ ಕೂತ್ಬಿಡ್ತು. ತಪ್ಪು ತುದಿ.

ನುಲಿಕೇಶ ಗಹಗಹಿಸಿ ನಕ್ಕ. "ಸಿಕ್ಕಿಬಿದ್ದೆ! ಪಟ್ಟಿ, ಅಳತೆ ತಗೋ ಇವನದು!"

ಕೆಂಪು ಪಟ್ಟಿ ಹಾವಿನ ಹಾಗೆ ಹಾರಿ ಬಂದು ಸುತ್ತಿಕೊಳ್ತು. ಎಲ್ಲಿಂದ ಎಲ್ಲಿಗೆ ಸುತ್ತಬೇಕು ಅಂತ ಅದಕ್ಕೆ ತಿಳೀಲಿಲ್ಲ. ಮನುಷ್ಯನ ಹೆಗಲಿಂದ ಶುರುವಾದದ್ದು ಹುಲಿ ಬಾಲದಲ್ಲಿ ಮುಗೀತು. ಪಟ್ಟಿ ನಡುಗುವ ದನೀಲಿ ಓದಿತು: "ಕೈಗಳು ಎರಡು, ಕಾಲುಗಳು... ಆರು. ಮೀಸೆ ಎರಡು ಜೊತೆ. ಬಾಲ ಒಂದು, ಅದರ ಬುಡದಲ್ಲಿ ಚೌಕುಳಿ." ಆಮೇಲೆ, "ಇಂಥ ಗಿರಾಕಿ ಲೋಕದಲ್ಲಿಲ್ಲ ಸ್ವಾಮಿ" ಅಂತ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡು ಮೂಲೆಗೆ ಉರುಳಿತು.

ಅಷ್ಟರಲ್ಲಿ ದ್ಯಾವಣ್ಣ ಇನ್ನೊಂದು ತುದಿ ಹುಡುಕ್ತಾ ಮಾಯಾವಿಯ ಕಂಕುಳಿಗೆ ಕೈ ಹಾಕಿದ್ದ. ನುಲಿಕೇಶ ಕಿಲಕಿಲ ಅಂದ. "ಬಿಡೋ! ಹಿ ಹಿ! ಅಲ್ಲಿ ಬೇಡ! ಬೂದಿ ಮಾಡ್ತೀನಿ! ಹಿ ಹಿ ಹಿ!" ಅಲ್ಲೇ ಇತ್ತು ತುದಿ. ದ್ಯಾವಣ್ಣ ಅದನ್ನ ಬೆರಳಿಗೆ ಸುತ್ತಿಕೊಂಡ.

ಮಾಯಾವಿಗೆ ಈಗ ನಿಜವಾಗ್ಲೂ ಹೆದರಿಕೆ ಆಯ್ತು. ದಾರಾನೇ ಕಡಿದುಬಿಡೋಣ ಅಂತ ಚಾಚಿದ ಕೈಯಲ್ಲೇ ತನ್ನ ದೊಡ್ಡ ಕತ್ತರಿ ಹಿಡಿದು ಆಡಿಸಿದ. ಕಚ್, ಕಚ್.

ಕತ್ತರಿ ಸದ್ದು! ಹುಲಿಯ ಹಿಂದೆಯೇ!

ಹುಲಿ ಕೂಗಲೂ ಇಲ್ಲ, ತಿರುಗಲೂ ಇಲ್ಲ, ನೆಗೆದು ಓಡ್ತು. ಹುಲಿ ಹಿಂದೆ ದ್ಯಾವಣ್ಣ, ದ್ಯಾವಣ್ಣನ ಬೆರಳಿನಿಂದ ದಾರ. ಸರ್ರ್... ಅಂತ ಹೊಲಿಗೆ ಬಿಚ್ಚಿಕೊಳ್ತಾ ಬಂತು. ಕಂದಕದಲ್ಲಿ ಮೊಸಳೆ ಇನ್ನೂ ಅಡ್ಡಲಾಗೇ ಮಲಗಿತ್ತು, ಅದರ ಮೇಲೆ ಹಾಯ್ದ್ರು. ಬೆಟ್ಟ ಇಳಿದ್ರು. ಸರ್ರ್... ಅಂತ ಊರೊಳಗೆ ನುಗ್ಗಿದ್ರು. ಒಂದೊಂದು ಹೊಲಿಗೆ ಬಿಚ್ಚಿದಾಗ ಒಬ್ಬೊಬ್ಬರು ಬಿಡುಗಡೆ. ಪಕ್ಕದ ಮನೆ ಮಗುವಿನ ಹಲ್ಲು ಟಕ್ ಅಂತ ಬಿತ್ತು. ಪುರೋಹಿತರ ನೆಗಡಿ ನಿಂತು, ಮಂತ್ರದ ಮುಂದಿನ ಸಾಲು ಏನು ಅಂತ ಅವರೇ ಮರೆತ್ರು. ಅರಮನೇಲಿ ಸಿಂಗರಾಯ ಮಹಾರಾಜರು ಎಷ್ಟೋ ಕಾಲದ ಉಸಿರನ್ನ ಒಂದೇ ಸಲ ಬಿಟ್ರು. ಹೊಟ್ಟೆ ಮುಂದೆ ಬಂತು, ಗುಂಡಿ ಹಾರಿ ಮಂತ್ರಿಯ ಪೇಟಕ್ಕೆ ತಗುಲಿತು. "ಅವನನ್ನ ಹಿಡಿದು... ಕರ್ಕೊಂಡು ಬಂದು ಊಟ ಹಾಕಿ!" ಅಂತ ಒಂದು ಹಳೇ ಅಪ್ಪಣೆಯನ್ನ ಪೂರ್ತಿ ಮಾಡಿದ್ರು. ಆ ಮನುಷ್ಯ ಇಷ್ಟು ದಿನ ಸೆರೇಲಿದ್ದ.

ಹುಲಿ ಬಂದು ನಿಂತದ್ದು ಹೊನ್ನಾಜಿ ಮನೆ ಅಂಗಳದಲ್ಲಿ. ದಾರದ ಕೊನೇ ತುದಿ ಪಟ್ ಅಂತ ಬಿಡಿಸಿಕೊಂಡು ಬಂತು. ಮುದ್ದರಂಗನ ಮುಖದ ಮೇಲೆ ನೋಡನೋಡ್ತಾ ಬೋಳಿಸಿದ ಕಡೆಯೂ ಗಡ್ಡ ಬೆಳೆದು ಸಮ ಆಯ್ತು. ಒಳಗಿಂದ ಹೊನ್ನಾಜಿ ಕೂಗಿದ್ಲು.

"ಏನ್ರೀ! ಸೂಲಗಿತ್ತಿನ ಕರೀರಿ! ಬಾಗಿಲಲ್ಲಿ ಹುಲಿ ಇದ್ರೆ ದಾಟಿಕೊಂಡು ಹೋಗಿ!"

ಮುದ್ದರಂಗ ಹುಲಿಗೆ ಕೈ ಮುಗಿದು ಓಡಿದ. ಅವತ್ತು ಊರಲ್ಲಿ ಸೂಲಗಿತ್ತಿಯರಿಗೆ ಭಾರೀ ಬೇಡಿಕೆ. ಅಳತೆ ಕೊಟ್ಟ ಬಸುರಿ ಹೊನ್ನಾಜಿ ಒಬ್ಬಳೇ ಅಲ್ಲ. ಕೊನೆಗೆ ಒಬ್ಬ ಮುದುಕಿ ಸಿಕ್ಕಳು, ಹುಲಿ ಬಾಲ ಸರಿಸಿ ಒಳಗೆ ಹೋದ್ಲು. ದ್ಯಾವಣ್ಣ ಹುಲಿ ಪಕ್ಕ ಜಗಲಿ ಮೇಲೆ ಕೂತು ಉಗುರು ಕಚ್ಚಿದ. ಹುಲೀನೂ ಕಚ್ಚಿತು.

ಸೂರ್ಯ ಮುಳುಗಿದ. ನಗಾರಿ ಬಾರಿಸೋರು ಯಾರೂ ಇರ್ಲಿಲ್ಲ. ಅದರ ಬದಲಿಗೆ ಒಳಗಿಂದ ಒಂದು ಅಳು ಕೇಳಿಸ್ತು. ಇಷ್ಟು ವರ್ಷ ಕಾಯಿಸಿದ್ದಕ್ಕೆ ಬೈದ ಹಾಗಿತ್ತು ಅದು.

"ಹೆಣ್ಣುಮಗು" ಅಂದ್ಲು ಮುದುಕಿ. "ತಲೆಗೊಂದು ಕುಲಾವಿ ಕೊಡಿ."

ದ್ಯಾವಣ್ಣ ಹೆಗಲಿಂದ ತೆಗೆದು ಕೊಟ್ಟ. ಮುದುಕಿ ಅದನ್ನ ಹಿಡಿದು ನೋಡಿದ್ಲು, ತಿರುಗಿಸಿ ನೋಡಿದ್ಲು, ಒಳಗೆ ಇಣುಕಿ ಒಂದು ರೊಟ್ಟಿ ಆಚೆ ತೆಗೆದ್ಲು. "ತಲೆಗೆ ಕೇಳಿದೆ ಕಣಪ್ಪ, ಮನೆಗಲ್ಲ."

ಹೊನ್ನಾಜಿ ಮಲಗಿದ್ದಲ್ಲೇ ನಕ್ಕಳು. ನಗ್ತಾ ನಗ್ತಾ ಅವಳ ಕಣ್ಣಲ್ಲಿ ನೀರು ಬಂತು. "ಕೊಡಿ ಇಲ್ಲಿ. ಎರಡೂ ಕಡೆ ಹಗ್ಗ ಕಟ್ಟಿ ತೊಲೆಗೆ ನೇತು ಹಾಕಿ" ಅಂದ್ಲು.

ಹಾಗೇ ಮಾಡಿದ್ರು. ಮಗೂನ ಅದರಲ್ಲಿ ಮಲಗಿಸಿ ತೂಗಿದ್ರು. ದ್ಯಾವಣ್ಣ ಹೊಲಿದದ್ದರಲ್ಲಿ ಮೊದಲನೇ ಸಲ ಒಂದು ವಸ್ತು ಸರಿಯಾದ ಅಳತೆಗೆ ಬಂದಿತ್ತು.

ಮಾರನೇ ದಿನ ನುಲಿಕೇಶ, ನಿಲುವಂಗಿ ಪೂರ್ತಿ ಬಿಚ್ಚಿಹೋಗಿದ್ದರಿಂದ, ಬಾಗಿಲ ಪರದೆ ಸುತ್ತಿಕೊಂಡು ಬೆಟ್ಟ ಇಳಿದು ಬಂದ. ಆಯುಸ್ಸು ಎಲ್ಲರ ಹಾಗೆ ಆಗಿತ್ತು, ಮಾಯೆ ಹೋಗಿತ್ತು. ಸೈನಿಕರು ಹಿಡಿದ್ರು. ಮಹಾರಾಜರು ತಲೆ ತೆಗೀರಿ ಅಂದ್ರು. ದ್ಯಾವಣ್ಣ ಅಡ್ಡ ಬಂದು, "ಬೇಡ ಮಹಾಪ್ರಭು, ಪಾಪ, ಬಟ್ಟೆ ಇಲ್ಲ. ನಾನೇ ಒಂದು ಅಂಗಿ ಹೊಲಿದು ಕೊಡ್ತೀನಿ" ಅಂದ. ನುಲಿಕೇಶ ಅದನ್ನ ಹಾಕ್ಕೊಂಡ. ಒಂದು ತೋಳು ಮಂಡಿವರೆಗೆ, ಇನ್ನೊಂದು ಮೊಣಕೈವರೆಗೆ. ಮಹಾರಾಜರು ಅವನನ್ನ ಸ್ವಲ್ಪ ಹೊತ್ತು ನೋಡಿ, ಶಿಕ್ಷೆ ಆಯ್ತು ಬಿಡಿ ಅಂದ್ರು. ಜಾಸ್ತೀನೇ ಆಯ್ತು ಅಂತ ಮಂತ್ರಿಯ ಅಭಿಪ್ರಾಯ.

ಆಮೇಲೆ ಅವನಿಗೆ ದ್ಯಾವಣ್ಣನ ಜಗಲೀಲೇ ಕೆಲಸ ಸಿಕ್ತು. ದ್ಯಾವಣ್ಣ ತಪ್ಪಾಗಿ ಹೊಲಿದದ್ದನ್ನ ಬಿಚ್ಚಿ ಕೊಡೋದು. ಅವನಿಗೆ ಒಂದು ದಿನಾನೂ ಬಿಡುವು ಸಿಗಲಿಲ್ಲ. ಆದ್ರೆ ಪಾಯಸ ಈಗ ಕೈಯಾರೆ ತಿಂತಿದ್ದ, ಅದಕ್ಕೇ ನಗ್ತಾನೂ ಇದ್ದ.

ಹುಲಿ ನಿದ್ದೆ ಹೋದಾಗ ಹೊನ್ನಾಜಿ ಹತ್ತಿ ಸುತ್ತಿದ ಕತ್ತರಿಯಿಂದ ತಮ್ಮನನ್ನ ಬಿಡಿಸಿದ್ಲು. ತೇಪೆ ಹಾಗೇ ಉಳೀತು. ಕಾಡಿನಲ್ಲಿ ನರಿಗಳು ನಕ್ಕವು. ಸ್ವಲ್ಪ ದಿನ ಆದ್ಮೇಲೆ ನಮಗೂ ಚೌಕುಳಿ ಬೇಕು ಅಂತ ಬಂದವು.

ಇನ್ನು ಊರು? ತಡೆದಿಟ್ಟ ಬೆಳವಣಿಗೆ ಎಲ್ಲಾ ಒಟ್ಟಿಗೆ ಬಂದು ಮಕ್ಕಳ ಕಾಲು ಲಂಗದಿಂದ ಆಚೆ ಬಂತು, ದೊಡ್ಡೋರ ಹೊಟ್ಟೆ ಅಂಗಿಯಿಂದ ಆಚೆ ಬಂತು. ಅಳತೆ ತಗೊಳ್ಳೋಕೆ ಯಾರನ್ನೂ ನಂಬೋ ಹಾಗಿರ್ಲಿಲ್ಲ. ಮನೆಮನೇಲೂ ಹಳೇ ಬಟ್ಟೆ ಹರಡಿ, ಒಂದು ಗೇಣು ಬಿಟ್ಟು, ತಾವೇ ಕತ್ತರಿಸಿ ಹೊಲಿಯೋಕೆ ಶುರು ಮಾಡಿದ್ರು. ಸಂಜೆ ಹೊತ್ತು ಬೀದೀಲಿ ಹೋದ್ರೆ ಪ್ರತಿ ಜಗಲಿಯಿಂದ್ಲೂ "ಅಯ್ಯೋ ಬೆರಳು!" ಅಂತ ಕೇಳಿಸ್ತಿತ್ತು. ಅರಮನೆ ಕಡೆಯಿಂದ್ಲೂ ಕೇಳಿಸ್ತಿತ್ತು. ಹೊಂಗೆದುರ್ಗದಲ್ಲಿ ಅಷ್ಟು ಸುಖವಾಗಿ, ಅಷ್ಟು ಸೊಟ್ಟ ಬಟ್ಟೆ ಹಾಕ್ಕೊಂಡು ಜನ ಅದಕ್ಕೆ ಮುಂಚೆ ಯಾವತ್ತೂ ಬಾಳಿರ್ಲಿಲ್ಲ.

ಹೊನ್ನಾಜಿಯ ಮಗಳು ಕುಲಾವಿಯಲ್ಲೇ ಮಲಗಿ ಎದ್ದು ದೊಡ್ಡವಳಾದ್ಲು. ಪ್ರತಿ ಹುಟ್ಟಿದ ದಿನ ಅವಳಮ್ಮ ಅದನ್ನ ತೊಲೆಯಿಂದ ಇಳಿಸಿ ಅವಳ ತಲೆಗೆ ಹಾಕಿ ನೋಡ್ತಿದ್ಲು. ಅದು ಭುಜದವರೆಗೂ ಇಳಿದು ಮುಖಾನೇ ಮುಚ್ಚಿಬಿಡ್ತಿತ್ತು. ಹೊನ್ನಾಜಿ ಅದನ್ನ ಮೆಲ್ಲಗೆ ಮೇಲೆತ್ತಿ, ಒಳಗೆ ನಗ್ತಿದ್ದ ಆ ಮುಖಾನ ಕಣ್ತುಂಬ ನೋಡಿ ಹೇಳ್ತಿದ್ಲು:

"ಇನ್ನೂ ಜಾಗ ಇದೆ. ಬೆಳಿ."